ಎರಡನೇ ಕೇಬಲ್ ಎಲ್ಲಿಗೆ ಹೋಗಿದೆ, ನೋಡಿದ್ದೀರಾ?

ಕಳೆದ ವರ್ಷ ಮೇ ತಿಂಗಳ ಒಂದು ಶನಿವಾರ, ರಾತ್ರಿ ಒಂದೂವರೆ ಗಂಟೆ. ನವಿ ಮುಂಬೈಯ ಥಾಣೆ–ಬೇಲಾಪುರ ರಸ್ತೆಯ ಪಕ್ಕದ ಡೇಟಾ ಸೆಂಟರ್ ಒಂದರಲ್ಲಿ ಜಾಕೆಟ್ ಹಾಕಿಕೊಂಡು ನಿಂತಿದ್ದೆ. ಹೊರಗೆ ಬೆವರು ಸುರಿಸುವ ಸೆಕೆ, ಒಳಗೆ ಹಲ್ಲು ಕಡಿಸುವ ಚಳಿ. ಚೆನ್ನಾಗಿ ನಡೆಯುತ್ತಿರುವ ಸ್ಟೋರೇಜ್ ಪೆಟ್ಟಿಗೆಯ ಒಂದು ಪೋರ್ಟ್‌ನಿಂದ ಕೇಬಲ್ ಕೀಳುವುದು ನನ್ನ ಕೆಲಸವಾಗಿತ್ತು. ಕಿತ್ತರೂ ಏನೂ ಆಗಬಾರದು. ಏನೂ ಆಗುವುದಿಲ್ಲ ಎಂದು ತೋರಿಸಲಿಕ್ಕೇ ಕೀಳಲು ಹೊರಟಿದ್ದೆವು. ಈ ಒಂದು ಕೇಬಲ್ ಮುಟ್ಟಲು ಕಂಪನಿಯ ಅನುಮತಿ ಪಡೆಯುವುದಕ್ಕೆ ನಮಗೆ ಏಳು ತಿಂಗಳು ಬೇಕಾಗಿತ್ತು.

ಕಿತ್ತೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಹನ್ನೊಂದು ಸರ್ವರ್‌ಗಳು ಏನೂ ನಡೆದೇ ಇಲ್ಲವೆಂಬಂತೆ ಕೆಲಸ ಮುಂದುವರಿಸಿದವು. ಹನ್ನೆರಡನೆಯದು ನಿಂತಿತು. ಅದರ ಮೇಲಿದ್ದದ್ದು ಬಿಲ್ಲಿಂಗ್ ಡೇಟಾಬೇಸ್. ಕೇಬಲ್ ಮತ್ತೆ ಹಾಕಿ, ಸರ್ವರ್ ರೀಬೂಟ್ ಮಾಡಿ, ಡೇಟಾಬೇಸ್ ಸರಿಯಿದೆಯೆಂದು ಖಾತ್ರಿಪಡಿಸಿಕೊಳ್ಳುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಫೋನಿನಲ್ಲಿ ಮ್ಯಾನೇಜರ್ ಕೇಳಿದ ಮೊದಲ ಮಾತು: “ಸರಿಯಾಗಿ ಓಡ್ತಿದ್ದದ್ದನ್ನ ಯಾಕೆ ಮುಟ್ಟಿದ್ರಿ?”

ಅಂದು ಉತ್ತರ ಕೊಡಲು ಆಗಲಿಲ್ಲ. ನನ್ನಂತೆ ಊರು ಬಿಟ್ಟು ಬಂದು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇಂಥದೇ ಕೆಲಸ ಮಾಡುವ ಕನ್ನಡಿಗರು ಈ ಅಂಕಣದ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಿಸಿರುತ್ತಾರೆ. ಹಾಗಾಗಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯ ತಿಳಿಯದವರಿಗಾಗಿ ಎರಡು ಮಾತು. ಬ್ಯಾಂಕು, ಆಸ್ಪತ್ರೆ, ವಿಮೆ, ಷೇರುಪೇಟೆ, ಯಾವ ದೊಡ್ಡ ವ್ಯವಸ್ಥೆಯಲ್ಲೂ ಲೆಕ್ಕ ಮಾಡುವ ಸರ್ವರ್ ಬೇರೆ, ಮಾಹಿತಿ ಕೂಡಿಡುವ ಸ್ಟೋರೇಜ್ ಬೇರೆ. ಇವೆರಡನ್ನು ಜೋಡಿಸುವ ಮೀಸಲು ಜಾಲಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ‘ಸ್ಯಾನ್’. ಸಾಮಾನ್ಯ ಇಂಟರ್ನೆಟ್ ಒಂದು ಕ್ಷಣ ಕೈಕೊಟ್ಟರೆ ವಿಡಿಯೊ ತಡವರಿಸಿ ಮತ್ತೆ ಓಡುತ್ತದೆ. ಸ್ಯಾನ್ ಕೈಕೊಟ್ಟರೆ ಸರ್ವರ್‌ಗೆ ತನ್ನ ಡಿಸ್ಕೇ ಮಾಯವಾದಂತೆ. ಆದ್ದರಿಂದ ಇಲ್ಲಿ ಎಲ್ಲವೂ ಜೋಡಿ: ಸರ್ವರ್‌ನಲ್ಲಿ ಎರಡು ಪೋರ್ಟ್, ನಡುವೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸ್ವಿಚ್, ಸ್ಟೋರೇಜ್ ಪೆಟ್ಟಿಗೆಯಲ್ಲಿ ಎರಡು ಕಂಟ್ರೋಲರ್. ಪ್ರತಿ ಕಂಟ್ರೋಲರ್‌ನಿಂದ ಒಂದು ಕೇಬಲ್ ‘ಎ’ ಸ್ವಿಚ್‌ಗೆ, ಇನ್ನೊಂದು ‘ಬಿ’ ಸ್ವಿಚ್‌ಗೆ ಹೋಗಬೇಕು.

ಒಂದು ದಾರಿ ಹೋದರೆ ಇನ್ನೊಂದನ್ನು ಹಿಡಿಯುವ ಏರ್ಪಾಡು ಎರಡು ಮಟ್ಟದಲ್ಲಿರುತ್ತದೆ. ಸರ್ವರ್ ಕಡೆಯಲ್ಲಿ ಮಲ್ಟಿಪಾತ್ ಎಂಬ ಸಾಫ್ಟ್‌ವೇರ್ ಇರುತ್ತದೆ. ತನಗೆ ಗೊತ್ತಿರುವ ದಾರಿಗಳಲ್ಲಿ ಒಂದು ಸತ್ತರೆ ಅದು ಮತ್ತೊಂದಕ್ಕೆ ಹೊರಳುತ್ತದೆ. ಸ್ಟೋರೇಜ್ ಕಡೆಯಲ್ಲಿ ಪೋರ್ಟ್ ಫೇಲ್‌ಓವರ್. ಇಲ್ಲಿ ಸರ್ವರ್‌ಗೆ ದಾರಿ ಬದಲಾದದ್ದೇ ತಿಳಿಯುವುದಿಲ್ಲ. ಪ್ರತಿ ಪೋರ್ಟ್‌ಗೂ ಹದಿನಾರು ಅಂಕಿ-ಅಕ್ಷರಗಳ ಒಂದು ಹೆಸರು ಇರುತ್ತದೆ. ಪ್ರಪಂಚದಲ್ಲಿ ಇನ್ನೊಂದು ಪೋರ್ಟ್‌ಗೆ ಆ ಹೆಸರು ಇರುವುದಿಲ್ಲ. ಒಂದು ಕಂಟ್ರೋಲರ್‌ನ ಪೋರ್ಟ್ ಕೆಟ್ಟಾಗ ಜೊತೆಗಾರ ಕಂಟ್ರೋಲರ್‌ನ ಪೋರ್ಟ್ ತನ್ನ ಹೆಸರಿನ ಜೊತೆ ಕೆಟ್ಟ ಪೋರ್ಟ್‌ನ ಹೆಸರನ್ನೂ ಹೊತ್ತುಕೊಂಡು ಉತ್ತರ ಕೊಡುತ್ತದೆ.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಾನು ಮನೆಯಲ್ಲಿಲ್ಲದಾಗ ನನ್ನ ಹೆಸರಿಗೆ ಬಂದ ಪಾರ್ಸೆಲನ್ನು ಎದುರು ಫ್ಲ್ಯಾಟಿನ ಆಜಿ ತೆಗೆದುಕೊಳ್ಳುತ್ತಾರೆ. ಹೆಚ್ಚುಕಡಿಮೆ ಹಾಗೆಯೇ ಇದು. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಒಂದು, ಒಬ್ಬರ ಬಾಗಿಲಲ್ಲಿ ಎರಡು ಹೆಸರುಗಳಿರುವುದನ್ನು ಪಾರ್ಸೆಲ್ ತರುವ ಹುಡುಗ ಒಪ್ಪಬೇಕು. ಅಂದರೆ ಸ್ವಿಚ್‌ನಲ್ಲಿ ಎನ್‌ಪಿಐವಿ ಎಂಬ ಸೌಲಭ್ಯ ಆನ್ ಆಗಿರಬೇಕು. ಎರಡು, ಆಜಿಯ ಮನೆ ಅದೇ ಕಟ್ಟಡದಲ್ಲಿರಬೇಕು. ಅಂದರೆ ಜೊತೆಗಾರ ಪೋರ್ಟ್‌ಗಳೆರಡೂ ಒಂದೇ ಸ್ವಿಚ್ ಜಾಲಕ್ಕೆ ಸೇರಿರಬೇಕು. ಪಕ್ಕದ ಕಟ್ಟಡದಲ್ಲಿ ಕುಳಿತ ಆಜಿ ಎಷ್ಟೇ ಒಳ್ಳೆಯವರಾದರೂ ನನ್ನ ಪಾರ್ಸೆಲ್ ಅವರಿಗೆ ಸಿಗದು.

ಅಂದು ರಾತ್ರಿ ಆದದ್ದು ಇದೇ. ಎರಡನೇ ಕಂಟ್ರೋಲರ್‌ನಿಂದ ‘ಎ’ ಸ್ವಿಚ್‌ಗೆ ಹೋಗಬೇಕಿದ್ದ ಕೇಬಲ್ ‘ಬಿ’ ಸ್ವಿಚ್‌ಗೆ ಹೋಗಿತ್ತು. ಅದರ ಮೇಲಿನ ಲೇಬಲ್ ಮಾತ್ರ ಅಚ್ಚುಕಟ್ಟಾಗಿ ‘ಎ’ ಎಂದೇ ಹೇಳುತ್ತಿತ್ತು. ಪೋರ್ಟ್‌ನ ದೀಪ ಹಸಿರು, ಡ್ಯಾಶ್‌ಬೋರ್ಡೂ ಹಸಿರು. ಹಸಿರು ದೀಪ ಆ ತುದಿಯಲ್ಲಿ ಯಾರೋ ಇದ್ದಾರೆ ಎಂದಷ್ಟೇ ಹೇಳುತ್ತದೆ, ಸರಿಯಾದವರು ಇದ್ದಾರೆ ಎಂದಲ್ಲ. ಇದನ್ನು ಕಂಡುಹಿಡಿದದ್ದು ನಾನಲ್ಲ, ಕೇಬಲ್ ಕೆಲಸಕ್ಕೆ ಬಂದಿದ್ದ ಅಕ್ಕಲಕೋಟ ಕಡೆಯ ಹುಡುಗ. ನಾನು ಲ್ಯಾಪ್‌ಟಾಪಿನಲ್ಲಿ ಲಾಗ್ ತಿರುವುತ್ತಿದ್ದಾಗ ಅವನು ಕೇಬಲನ್ನು ಬೆರಳ ನಡುವೆ ಹಿಡಿದು ರ‍್ಯಾಕಿನ ಹಿಂದಿನಿಂದ ಹಾಗೇ ಹೋಗಿ ಬಂದ. “ಲೇಬಲ್ ನಂಬಬ್ಯಾಡ್ರಿ ಸರ, ಕೇಬಲ್ ಹಿಡ್ಕೊಂಡ ಹೋಗಿ ನೋಡ್ರಿ. ಇದು ಆ ಕಡಿ ಹೋಗೇ ಇಲ್ಲ” ಎಂದ. ಎಂಟೆಕ್‌ನಲ್ಲಿ ಎರಡು ವರ್ಷ ಓದಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇಷ್ಟೇ ಆಗಿದ್ದರೆ ಆ ಹನ್ನೆರಡನೇ ಸರ್ವರ್ ಕೂಡ ಉಳಿಯುತ್ತಿತ್ತು. ಉಳಿದ ಹನ್ನೊಂದು ಸರ್ವರ್‌ಗಳು ‘ಬಿ’ ಸ್ವಿಚ್ ಮೂಲಕ ದಾರಿ ಕಂಡುಕೊಂಡಿದ್ದವಲ್ಲ. ಇದಕ್ಕೆ ಆ ದಾರಿಯೇ ಇರಲಿಲ್ಲ. ಎಂಟು ತಿಂಗಳ ಹಿಂದೆ ರ‍್ಯಾಕ್ ಸ್ಥಳಾಂತರ ಮಾಡುವಾಗ ಅದರ ಎರಡನೇ ಪೋರ್ಟ್‌ನ ಕೇಬಲ್ ತೆಗೆದವರು ಮತ್ತೆ ಹಾಕಿರಲಿಲ್ಲ. ನಿಗಾ ವ್ಯವಸ್ಥೆ ಅಂದೇ ಎಚ್ಚರಿಕೆ ಕೊಟ್ಟಿತ್ತು. ಅದನ್ನು ‘ನಾಳೆ ನೋಡೋಣ’ ಎಂದು ಮ್ಯೂಟ್ ಮಾಡಿದವನು ನಾನು. ಹೆಸರು, ತಾರೀಖು, ಸಮಯ ಎಲ್ಲವೂ ಲಾಗ್‌ನಲ್ಲಿದ್ದವು. ಸೋಮವಾರ ಬರೆದ ವರದಿಯಲ್ಲಿ ಅದನ್ನೂ ಬರೆದೆ. ಬರೆಯುವ ಮುನ್ನ ಒಂದು ಗಂಟೆ ಯೋಚಿಸಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಒಂದು ಗಂಟೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಮ್ಮದು ಸಣ್ಣ ಸಂಗತಿ, ಯಾರ ಪತ್ರಿಕೆಯಲ್ಲೂ ಬರಲಿಲ್ಲ. ಆದರೆ ಇದೇ ಜಾತಿಯ ತೊಂದರೆ ಇಡೀ ದೇಶದ ಕಣ್ಣೆದುರು ಒಮ್ಮೆ ನಡೆದಿದೆ. 2021ರ ಫೆಬ್ರುವರಿ 24, ಬುಧವಾರ. ಬೆಳಿಗ್ಗೆ 11.40ಕ್ಕೆ ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, ಅಂದು ಸಂಜೆ ಐದರವರೆಗೆ ಪೇಟೆ ನಡೆಸಬೇಕಾಯಿತು. ಆ ನಾಲ್ಕು ಗಂಟೆಗಳಲ್ಲಿ ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ಲೆಕ್ಕದಲ್ಲಿದ್ದ ಸಣ್ಣ ಹೂಡಿಕೆದಾರರು ಕೈಕಟ್ಟಿ ಕೂತರು. ಪೇಟೆ ಮತ್ತೆ ತೆರೆಯುತ್ತದೋ ಇಲ್ಲವೋ ತಿಳಿಯದೆ ಗ್ರಾಹಕರ ವ್ಯವಹಾರಗಳನ್ನು ಬಿಎಸ್‌ಇಯಲ್ಲಿ ಚುಕ್ತಾ ಮಾಡಿದ ಬ್ರೋಕರ್‌ಗಳಿದ್ದರು. ಅದರಿಂದ ನಷ್ಟವಾಯಿತೆಂದು ದೂರಿದವರೂ ಇದ್ದರು.

ಎನ್‌ಎಸ್‌ಇ ಬಡ ಸಂಸ್ಥೆಯಲ್ಲ. ಮುಂಬೈಯಲ್ಲಿ ಮುಖ್ಯ ಡೇಟಾ ಸೆಂಟರ್, ಅದರ ಹತ್ತಿರದಲ್ಲೇ ಮಾಹಿತಿಯ ನಕಲು ಇಡುವ ಇನ್ನೊಂದು ಸ್ಥಳ, ಚೆನ್ನೈಯಲ್ಲಿ ವಿಪತ್ತಿನ ಕಾಲಕ್ಕೆಂದು ಮತ್ತೊಂದು. ಮುಂಬೈಯ ಎರಡು ಸ್ಥಳಗಳ ನಡುವೆ ಇಬ್ಬರು ಬೇರೆ ಬೇರೆ ಟೆಲಿಕಾಂ ಕಂಪನಿಗಳ ಲಿಂಕ್‌ಗಳಿದ್ದವು. ಒಬ್ಬರದು ಹೋದರೆ ಇನ್ನೊಬ್ಬರದು ಇರುತ್ತದೆ ಎಂಬ ಲೆಕ್ಕ. ಆದರೆ ದಾರಿಯಲ್ಲಿ ನಡೆದ ಅಗೆತ ಮತ್ತು ಕಾಮಗಾರಿಯಿಂದ ಇಬ್ಬರ ಲಿಂಕ್‌ಗಳೂ ಕೆಟ್ಟವು ಎಂದು ಸಂಸ್ಥೆಯೇ ನಂತರ ವಿವರಿಸಿತು. ರಸ್ತೆ ಅಗೆಯುವ ಜೆಸಿಬಿಗೆ ಯಾವ ಕೇಬಲ್ ಯಾವ ಕಂಪನಿಯದು ಎಂದು ಗೊತ್ತಿರುವುದಿಲ್ಲ.

ನನ್ನಂಥವರು ಗಮನಿಸಬೇಕಾದದ್ದು ಅದರ ಮುಂದಿನದು. ಎರಡು ಸ್ಥಳಗಳ ನಡುವಿನ ಲಿಂಕ್ ಹೋದರೆ ನಕಲು ಮಾಡುವುದು ನಿಲ್ಲಬೇಕು, ಮುಖ್ಯ ಸ್ಟೋರೇಜ್ ಎಂದಿನಂತೆ ನಡೆಯಬೇಕು. ಅಂದು ಹಾಗಾಗಲಿಲ್ಲ. ಲಿಂಕ್ ಹೋದದ್ದೇ ತಡ, ಮುಖ್ಯ ಸ್ಟೋರೇಜೇ ಸರ್ವರ್‌ಗಳ ಕೈಗೆ ಸಿಗದಂತಾಯಿತು. ವಹಿವಾಟಿನ ಅಪಾಯವನ್ನು ಲೆಕ್ಕಹಾಕುವ ವ್ಯವಸ್ಥೆ ನಿಂತಿತು. ಅದಿಲ್ಲದೆ ವಹಿವಾಟು ನಡೆಸುವಂತಿರಲಿಲ್ಲ. ಅಂದರೆ ಪೇಟೆಯನ್ನು ನಿಲ್ಲಿಸಿದ್ದು ಬರೀ ಕತ್ತರಿಸಿದ ಕೇಬಲ್ ಅಲ್ಲ. ಕೇಬಲ್ ಕತ್ತರಿಸಿದಾಗ ಸ್ಟೋರೇಜ್ ಹೀಗೇ ನಡೆದುಕೊಳ್ಳುತ್ತದೆ ಎಂಬ ತಪ್ಪು ನಂಬಿಕೆಯೂ ಅದರಲ್ಲಿ ಪಾಲುದಾರ.

ಇನ್ನೊಂದು ಉದಾಹರಣೆ ಕಂಪ್ಯೂಟರಿನದಲ್ಲ, ಆದರೆ ಥಾಣೆ ಜಿಲ್ಲೆಯಲ್ಲಿರುವ ನಮಗೆಲ್ಲ ನೆನಪಿದೆ. 2020ರ ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ, ಥಾಣೆ, ನವಿ ಮುಂಬೈಗಳಲ್ಲಿ ಒಟ್ಟಿಗೇ ಕರೆಂಟ್ ಹೋಯಿತು. ಲೋಕಲ್ ರೈಲುಗಳು ಇದ್ದಲ್ಲೇ ನಿಂತವು. ಕೋವಿಡ್ ಕಾಲ, ಮನೆಯಿಂದ ಕೆಲಸ ಮಾಡುತ್ತಿದ್ದವರ ವೈಫೈ ಹೋಯಿತು, ಆಸ್ಪತ್ರೆಗಳು ಜನರೇಟರ್ ನಂಬಿ ಕೂತವು. ಆಗ ಇಂಧನ ಸಚಿವರಾಗಿದ್ದ ನಿತಿನ್ ರಾವುತ್ ಅಂದು ನೀಡಿದ ವಿವರಣೆ ಇದು: ಕಳವಾ–ಪಡಘೆ 400 ಕಿಲೊವೋಲ್ಟ್ ಕೇಂದ್ರದಲ್ಲಿ ಮೊದಲ ಸರ್ಕಿಟ್‌ನ ದುರಸ್ತಿ ನಡೆದಿತ್ತು, ಅದರ ಹೊರೆ ಎರಡನೇ ಸರ್ಕಿಟ್ ಮೇಲಿತ್ತು, ಆ ಎರಡನೆಯದರಲ್ಲೇ ದೋಷ ಕಾಣಿಸಿಕೊಂಡಿತು. ಹೊರಗಿನ ಗ್ರಿಡ್ ಬಿದ್ದಾಗ ಮುಂಬೈಯನ್ನು ಬೇರ್ಪಡಿಸಿ ಉಳಿಸಿಕೊಳ್ಳಲೆಂದು ದಶಕಗಳಿಂದ ಇದ್ದ ಐಲ್ಯಾಂಡಿಂಗ್ ವ್ಯವಸ್ಥೆಯೂ ಅಂದು ನಗರವನ್ನು ಉಳಿಸಲಿಲ್ಲ.

ನಮ್ಮ ಕೆಲಸಕ್ಕೆ ಇದರಲ್ಲಿ ನೇರವಾದ ಪಾಠವಿದೆ. ಎರಡು ದಾರಿಗಳಲ್ಲಿ ಒಂದನ್ನು ದುರಸ್ತಿಗೆ ತೆಗೆದ ದಿನ ನಿಮ್ಮ ಬಳಿ ಇರುವುದು ಒಂದೇ ದಾರಿ. ಎಲ್ಲರೂ ‘ಇನ್ನೊಂದು ಇದೆಯಲ್ಲ’ ಎಂದು ನಿರಾಳವಾಗಿರುವ ಆ ದಿನವೇ ಅತ್ಯಂತ ಎಚ್ಚರದ ದಿನ. ಸ್ವಿಚ್‌ನ ಫರ್ಮ್‌ವೇರ್ ಬದಲಿಸುವ ರಾತ್ರಿ ಉಳಿದ ಸ್ವಿಚ್‌ನ ಪ್ರತಿ ಪೋರ್ಟನ್ನೂ ಮೊದಲೇ ನೋಡಿಕೊಳ್ಳದೆ ಕೆಲಸ ಶುರುಮಾಡಬಾರದು.

ಹೊರೆಯ ವಿಷಯ ಹೇಳಬೇಕೆಂದರೆ ಡೊಂಬಿವಲಿಯಿಂದ ನವಿ ಮುಂಬೈಗೆ ನಿತ್ಯ ಓಡಾಡುವವರನ್ನು ಕೇಳಿದರೆ ಸಾಕು. ನಮಗೆ ಎರಡು ದಾರಿಗಳಿವೆ. ಒಂದು, ಲೋಕಲ್ ಹಿಡಿದು ಥಾಣೆಗೆ ಹೋಗಿ ಅಲ್ಲಿಂದ ಟ್ರಾನ್ಸ್‌ಹಾರ್ಬರ್ ರೈಲಿನಲ್ಲಿ ಐರೋಲಿ, ರಬಾಳೆ, ಘನ್ಸೋಲಿ ಕಡೆಗೆ ಇಳಿಯುವುದು. ಇನ್ನೊಂದು, ಕಲ್ಯಾಣ–ಶೀಳ ರಸ್ತೆಯಲ್ಲಿ ಬಸ್ಸೋ ಬೈಕೋ ಹಿಡಿದು ಶೀಳ್‌ಫಾಟಾ ದಾಟಿ ಮಹಾಪೆಗೆ ಬರುವುದು. ಕಾಗದದ ಮೇಲೆ ಇದು ಒಳ್ಳೆಯ ಫೇಲ್‌ಓವರ್. ಆದರೆ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ರೈಲು ನಿಂತ ದಿನ ಶೀಳ್‌ಫಾಟಾದಲ್ಲಿ ನಿಂತು ನೋಡಿ. ರೈಲಿನಲ್ಲಿ ಹೋಗಬೇಕಿದ್ದವರೆಲ್ಲ ಅಲ್ಲಿರುತ್ತಾರೆ. ಮೊದಲೇ ಟ್ರಕ್ಕುಗಳಿಂದ ತುಂಬಿರುವ ರಸ್ತೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಎರಡನೇ ದಾರಿ ಇತ್ತು, ಆದರೆ ಮೊದಲನೆಯದರ ಹೊರೆ ಹೊರುವ ಶಕ್ತಿ ಅದಕ್ಕಿರಲಿಲ್ಲ.

ಸ್ಯಾನ್‌ನಲ್ಲೂ ಇದೇ ಲೆಕ್ಕ. ಎರಡು ದಾರಿಗಳಲ್ಲೂ ದಟ್ಟಣೆ ಶೇ 70 ಇದೆ ಎಂದುಕೊಳ್ಳಿ. ವರದಿಯಲ್ಲಿ ಅದು ‘ಉತ್ತಮ ಬಳಕೆ’ ಎಂದು ಕಾಣುತ್ತದೆ. ಒಂದು ದಾರಿ ಹೋದ ಕ್ಷಣ ಇನ್ನೊಂದರ ಮೇಲೆ ಶೇ 140 ಬೀಳುತ್ತದೆ. ಅದು ಸಾಯುವುದಿಲ್ಲ, ಆದರೆ ಎಷ್ಟು ನಿಧಾನವಾಗುತ್ತದೆಂದರೆ ಬಳಕೆದಾರನಿಗೆ ಸತ್ತಂತೆಯೇ. ಎರಡು ದಾರಿ ಬೇಕೆನ್ನುವವರು ಪ್ರತಿ ದಾರಿಯ ಅರ್ಧಭಾಗವನ್ನು ಖಾಲಿ ಬಿಡಬೇಕು. ಖರ್ಚು ಉಳಿಸುವವರ ಕಣ್ಣಿಗೆ ಆ ಅರ್ಧ ದಂಡವಾಗಿ ಕಾಣುತ್ತದೆ. ಅದು ದಂಡವಲ್ಲ ಎಂದು ಹೇಳುವುದು ನಮ್ಮ ಕೆಲಸದ ಭಾಗ.

ಹಾಗಾದರೆ ಆ ಶನಿವಾರದ ನಂತರ ನಾವೇನು ಮಾಡಿದೆವು? ದೊಡ್ಡ ಸಾಹಸವೇನಲ್ಲ. ಇಬ್ಬರು ಕೂತು ಪ್ರತಿ ಕೇಬಲನ್ನೂ ಕೈಯಲ್ಲಿ ಹಿಡಿದು ಎರಡೂ ತುದಿ ನೋಡಿದೆವು. ಸ್ವಿಚ್‌ಗೆ ಲಾಗಿನ್ ಆದ ಪೋರ್ಟ್ ಹೆಸರುಗಳ ಪಟ್ಟಿಯನ್ನು ನಕ್ಷೆಯ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ಹಾಕಿದೆವು. ತಪ್ಪಾಗಿದ್ದ ಕೇಬಲ್ ಒಂದಲ್ಲ, ಮೂರು ಸಿಕ್ಕವು. ಎರಡೂ ದಾರಿಯ ಕೇಬಲ್‌ಗಳು ಒಂದೇ ಟ್ರೇಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ಮಲಗಿದ್ದ ಜಾಗವೂ ಒಂದು ಸಿಕ್ಕಿತು. ಏಣಿಯೊಂದು ಜಾರಿ ಬಿದ್ದಿದ್ದರೆ ಎರಡೂ ಹೋಗುತ್ತಿದ್ದವು. ನಮ್ಮ ಒಳಗಿನ ಜೆಸಿಬಿ ಅದು.

ಆಮೇಲೆ ಸಮಯದ ಲೆಕ್ಕ ನೋಡಿದೆವು. ದಾರಿ ಸತ್ತಿದೆ ಎಂದು ತೀರ್ಮಾನಿಸಲು ವ್ಯವಸ್ಥೆಗೆ ಸಮಯ ಬೇಕು. ಲಿನಕ್ಸ್‌ನಲ್ಲಿ ಡಿಸ್ಕಿಗೆ ಕಳಿಸಿದ ಒಂದು ಆಜ್ಞೆಗೆ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತಾರೆ. ಪೋರ್ಟ್ ಸಂಪರ್ಕ ಕಡಿದುಹೋದದ್ದು ಗೊತ್ತಾದಾಗ ಎಷ್ಟು ಬೇಗ ಆ ದಾರಿಯನ್ನು ಕೈಬಿಡಬೇಕೆಂದು ಮಲ್ಟಿಪಾತ್‌ನಲ್ಲಿ ಬೇರೆ ಗಡುವು ಇದೆ. ಅದನ್ನು 5 ಸೆಕೆಂಡಿನಷ್ಟು ಇಡುವುದು ವಾಡಿಕೆ. ಇನ್ನು ಮೇಲಿನ ಅಪ್ಲಿಕೇಶನ್‌ನವರು ತಮ್ಮದೇ ಗಡುವು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಒಂದು ಅಪ್ಲಿಕೇಶನ್ 20 ಸೆಕೆಂಡಿಗೇ ಕೈಚೆಲ್ಲುತ್ತಿತ್ತು. ಕೆಳಗೆ ಸ್ಟೋರೇಜ್ 30ನೇ ಸೆಕೆಂಡಿಗೆ ಎಷ್ಟೇ ಚೆನ್ನಾಗಿ ಚೇತರಿಸಿಕೊಂಡರೂ ಅದಕ್ಕೇನು ಪ್ರಯೋಜನ? ಮೂರು ತಂಡದವರೂ ಒಂದೇ ಮೇಜಿನಲ್ಲಿ ಕೂತು ಈ ಅಂಕಿಗಳನ್ನು ಹೊಂದಿಸಿದ್ದು ಅದೇ ಮೊದಲು.

ಸತ್ತ ದಾರಿಗಿಂತ ಅರೆಜೀವದ ದಾರಿ ಹೆಚ್ಚು ಕಾಡುತ್ತದೆ ಎಂಬುದೂ ಆಗ ಗೊತ್ತಾಯಿತು. ಕೇಬಲ್ ಪೂರ್ತಿ ಕಿತ್ತರೆ ಎಲ್ಲರಿಗೂ ತಿಳಿಯುತ್ತದೆ. ಫೈಬರ್ ತುದಿಯಲ್ಲಿ ಧೂಳು ಕೂತು ಬೆಳಕು ಮಂಕಾದರೆ ಪೋರ್ಟ್ ‘ಜೀವಂತ’ವಾಗಿಯೇ ಇರುತ್ತದೆ, ನಡುನಡುವೆ ಮಾಹಿತಿ ಕೆಡುತ್ತದೆ, ಮತ್ತೆ ಕಳಿಸಬೇಕಾಗುತ್ತದೆ, ಎಲ್ಲವೂ ಕುಂಟುತ್ತದೆ. ಫೇಲ್‌ಓವರ್ ಮಾತ್ರ ಆಗುವುದಿಲ್ಲ, ಯಾಕೆಂದರೆ ಯಾರೂ ಸತ್ತಿಲ್ಲ. ಇಂತಿಷ್ಟು ದೋಷ ಕಂಡರೆ ಪೋರ್ಟನ್ನು ತಾನಾಗಿ ಮುಚ್ಚುವ ಸೌಲಭ್ಯ ಒಳ್ಳೆಯ ಸ್ವಿಚ್‌ಗಳಲ್ಲಿ ಇರುತ್ತದೆ. ನಮ್ಮದರಲ್ಲಿಯೂ ಇತ್ತು, ಯಾರೂ ಆನ್ ಮಾಡಿರಲಿಲ್ಲ. ಹಾಗೆಯೇ ಸರಿಯಾದ ದಾರಿಗೆ ತಕ್ಷಣ ತಾನಾಗಿ ಮರಳುವ ಆಯ್ಕೆಯನ್ನು ತೆಗೆದುಹಾಕಿದೆವು. ಸಡಿಲವಾದ ಪೋರ್ಟ್ ನಿಮಿಷಕ್ಕೊಮ್ಮೆ ಬದುಕಿ ಸಾಯುತ್ತಿದ್ದರೆ ಇಡೀ ವ್ಯವಸ್ಥೆ ಅದರ ಹಿಂದೆ ಅತ್ತಿಂದಿತ್ತ ಓಡಾಡುತ್ತದೆ. ಮನುಷ್ಯನೊಬ್ಬ ನೋಡಿ ಹೂಂ ಎಂದ ಮೇಲೆ ಮರಳಿದರೆ ಸಾಕು.

ಇವೆಲ್ಲ ಒಂದು ವಾರದ ಕೆಲಸ. ಕಷ್ಟವಾದದ್ದು ಇದನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಕಿತ್ತು ನೋಡಲು ಒಪ್ಪಿಸುವುದು. ವಿರೋಧಿಸುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪರೀಕ್ಷೆಯಲ್ಲೇ ತೊಂದರೆ ಆದರೆ ಗ್ರಾಹಕನಿಗೆ ಏನು ಹೇಳುವುದು? ಒಪ್ಪಂದದಲ್ಲಿ ಸೇವೆ ನಿಂತ ಪ್ರತಿ ನಿಮಿಷಕ್ಕೂ ದಂಡವಿದೆ. ತಂಡಕ್ಕೆ ಇರುವುದು ಆರು ಜನ. ಶನಿವಾರ ರಾತ್ರಿ ಅವರನ್ನು ಕರೆಸಿದರೆ ಸೋಮವಾರ ಯಾರು? ಇವೆಲ್ಲ ನಿಜವಾದ ತೊಡಕುಗಳೇ. ಆದರೂ ಲೆಕ್ಕ ಹಾಕಿ ನೋಡಿ. ಶನಿವಾರ ರಾತ್ರಿ ಒಂದೂವರೆಗೆ ನಲವತ್ತು ನಿಮಿಷ ನಿಂತ ಬಿಲ್ಲಿಂಗ್ ಸರ್ವರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಂತಿದ್ದರೆ? ಆಗ ಪಕ್ಕದಲ್ಲಿ ಕೇಬಲ್ ಹಿಡಿದು ನೋಡುವ ಹುಡುಗ ಇರುತ್ತಿರಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೇ ಅರ್ಧ ದಿನ ಬೇಕಾಗುತ್ತಿತ್ತು. ತೊಂದರೆ ಹೇಗೂ ಅಲ್ಲಿ ಎಂಟು ತಿಂಗಳಿಂದ ಕಾದು ಕೂತಿತ್ತು. ನಾವು ಮಾಡಿದ್ದು ಅದು ಬರುವ ದಿನವನ್ನು ನಾವೇ ಆರಿಸಿಕೊಂಡದ್ದು.

ಷೇರುಪೇಟೆ ಈ ಪಾಠವನ್ನು ಕಲಿಯಿತು ಎನ್ನಬೇಕು. ಎನ್‌ಎಸ್‌ಇ ಘಟನೆಯ ನಂತರ 2021ರ ಮಾರ್ಚ್‌ನಲ್ಲಿ ಸೆಬಿ ನಿಯಮ ಬಿಗಿಮಾಡಿತು: ಮುಖ್ಯ ವ್ಯವಸ್ಥೆ ಕೈಕೊಟ್ಟರೆ 30 ನಿಮಿಷದೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಬದಲಿ ಸ್ಥಳದಿಂದ ಕೆಲಸ ಶುರುವಾಗಬೇಕು. 2024ರ ಮಾರ್ಚ್ 2 ಮತ್ತು ಮೇ 18ರಂದು, ಎರಡೂ ಶನಿವಾರ, ಪೇಟೆಯನ್ನು ವಿಶೇಷವಾಗಿ ತೆರೆದರು. ಮೊದಲ ಅವಧಿ ಮುಖ್ಯ ಸ್ಥಳದಿಂದ, ಎರಡನೆಯದು ವಿಪತ್ತು ಕಾಲದ ಬದಲಿ ಸ್ಥಳದಿಂದ. ಅಣಕು ವಹಿವಾಟಲ್ಲ, ನಿಜವಾದ ಹಣ, ನಿಜವಾದ ಷೇರು. ಕೋಟ್ಯಂತರ ಜನರ ದುಡ್ಡು ಓಡಾಡುವ ಸಂಸ್ಥೆಗಳು ಹಾಡುಹಗಲೇ ದಾರಿ ಬದಲಿಸಿ ತೋರಿಸಬಲ್ಲವಾದರೆ, ನಮ್ಮ ನಿಮ್ಮ ಕಂಪನಿಗಳು ಒಂದು ಕೇಬಲ್ ಕೀಳಲು ಏಳು ತಿಂಗಳು ಯಾಕೆ ಕಾಯಬೇಕು?

ಈಗ ಆ ಒಂದು ಗಂಟೆಯ ವಿಷಯ. ಮ್ಯೂಟ್ ಮಾಡಿದವನು ನಾನು ಎಂದು ಬರೆಯಲು ನಾನು ಹಿಂಜರಿದದ್ದು ಅಪ್ರೈಸಲ್ ಹತ್ತಿರವಿದ್ದ ಕಾರಣಕ್ಕೆ. ಡೊಂಬಿವಲಿಯ ಒಂದು ಬಿಎಚ್‌ಕೆಯ ಗೃಹಸಾಲ, ಮಗಳ ಶಾಲೆ, ಎಲ್ಲವೂ ಈ ನೌಕರಿಯ ಮೇಲೆ ನಿಂತಿವೆ. ಪರಊರಿನಲ್ಲಿ ನೌಕರಿ ಹೋದರೆ ಏನು ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಆ ಭಯವೇ ಎಷ್ಟೋ ಹಸಿರು ದೀಪಗಳ ಹಿಂದೆ ಇರುತ್ತದೆ. ತಪ್ಪನ್ನು ತೋರಿಸಿದವನಿಗೇ ಪೆಟ್ಟು ಎಂದಾದರೆ ಯಾರೂ ತೋರಿಸುವುದಿಲ್ಲ. ಎಲ್ಲರೂ ಮ್ಯೂಟ್ ಒತ್ತುತ್ತಾರೆ. ನನ್ನ ಪಾಲಿಗೆ ಅದು ಹೇಗೋ ಮುಗಿಯಿತು. ಬೈಗುಳ ಬಿತ್ತು, ನೌಕರಿ ಉಳಿಯಿತು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಎಂಬ ಸಾಲು ಕ್ಯಾಲೆಂಡರಿಗೆ ಸೇರಿತು. ಎಲ್ಲರಿಗೂ ಹಾಗಾಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಇದನ್ನು ಓದುವ ಮ್ಯಾನೇಜರ್‌ಗಳಲ್ಲಿ ಒಂದು ವಿನಂತಿ: ಪರೀಕ್ಷೆಯ ರಾತ್ರಿ ಏನಾದರೂ ನಿಂತರೆ ಮೊದಲ ಮಾತು ‘ಯಾಕೆ ಮುಟ್ಟಿದ್ರಿ’ ಎಂದಾಗದಿರಲಿ. ‘ಏನು ಸಿಕ್ಕಿತು’ ಎಂದು ಕೇಳಿ. ಮುಂದಿನ ಸಲ ಸತ್ಯ ನಿಮ್ಮ ಬಳಿಗೆ ಬೇಗ ಬರುತ್ತದೆ.

ದೀಪಾವಳಿಗೆ ಗದಗಿನ ಮನೆಗೆ ಹೋಗಿದ್ದಾಗ ಇದೇ ಗುಂಗಿನಲ್ಲಿ ಅಮ್ಮನನ್ನು ಕೇಳಿದೆ, ನೀವಿಬ್ಬರೂ ಒಳಗೆ ಸಿಕ್ಕಿಕೊಂಡರೆ ಬಾಗಿಲು ತೆಗೆಯುವವರು ಯಾರು ಎಂದು. “ಇನ್ನೊಂದು ಕೀಲಿಕೈ ಬಾಜೂಮನಿ ಕಾಕು ಹತ್ರ ಐತಲ್ಲೋ, ಹತ್ತು ವರ್ಷದಿಂದ ಅಲ್ಲೇ ಐತಿ” ಎಂದಳು. ಹೋಗಿ ಇಸಿದುಕೊಂಡು ಬಂದು ಬಾಗಿಲಿಗೆ ಹಾಕಿ ನೋಡಿದೆ. ತಿರುಗಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಬೀಗ ಬದಲಿಸಿದ್ದರು. ಅಂದೇ ಪೇಟೆಗೆ ಹೋಗಿ ಹೊಸದು ಮಾಡಿಸಿ, ಕಾಕು ಕೈಯಿಂದಲೇ ಒಮ್ಮೆ ಬಾಗಿಲು ತೆಗೆಸಿ ನೋಡಿ, ಆಮೇಲೆ ಡೊಂಬಿವಲಿಯ ರೈಲು ಹತ್ತಿದೆ.